ಬರಗಾಲದಲ್ಲಿ ಮಡುವಿನ ಮೀನು

ಹನೂರು ತಾಲ್ಲೂಕಿನ ಹೂಗ್ಯಂ ಕಾಡಂಚಿನ ಗ್ರಾಮವು. ಆ ಬೆಟ್ಟಸೀಮೆಯ ಹಳ್ಳಗಳು ಮಳೆಗಾಲದಲ್ಲಿ ರಭಸದಿಂದ ಹರಿದು ಕಡೆಗೆ ಕಾವೇರಿಯನ್ನು ಸೇರುತ್ತವೆ. ಬೇಸಗೆಯಲ್ಲಿ ಅವುಗಳಲ್ಲಿ ಮರಳು ಕಲ್ಲುಗಳ ಹೊರತು ಹೆಚ್ಚೇನೂ ಕಾಣದು. ಮಳೆ ತಪ್ಪಿದ ವರ್ಷ ಕಾವೇರಿಯೂ ಶಿವನಸಮುದ್ರದಿಂದ ಹೊಗೇನಕಲ್‌ವರೆಗಿನ ಕಣಿವೆಯಲ್ಲಿ ಬಂಡೆಗಳ ನಡುವೆ ಸಣ್ಣ ಧಾರೆಯಾಗುತ್ತದೆ. ನದಿಯ ಉದ್ದಕ್ಕೂ ಚೆದರಿದ್ದ ಮೀನುಗಳು ಆಗ ಆಳವಾದ ಮಡುಗಳನ್ನು ಆಶ್ರಯಿಸುತ್ತವೆ.

ಮಡುವಿನಲ್ಲಿಯೂ ಅವುಗಳಿಗೆ ನೆಮ್ಮದಿಯಿಲ್ಲ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣದ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು. 30 ಡಿಗ್ರಿಗೆ ಕಾದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಕೊರವವು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಿ ಬದುಕುತ್ತದೆ. ಬಿಳಿಮೀನಿಗೆ ಆ ಶಕ್ತಿಯಿಲ್ಲ. ಮುಂಗಾರಿನ ಹೊಸ ನೀರಿನ ತರುವಾಯ ಮೊಟ್ಟೆಯಿಡಬೇಕಾದ ತಾಯಿಮೀನುಗಳು ಉಳಿದಿರುವುದು ಈ ಮಡುಗಳಲ್ಲಿಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಬಲೆ ಬೀಸುವುದು ಬಿತ್ತನೆಯ ರಾಗಿಯನ್ನು ಬೀಸಿ ಉಣ್ಣುವುದಕ್ಕೆ ಸಮನಾದುದು. ತೋಟಾ ಸಿಡಿಸುವುದಾಗಲಿ ನೀರಿಗೆ ವಿಷ ಬೆರೆಸುವುದಾಗಲಿ ಅದಕ್ಕಿಂತ ಕೇಡು, ಮರಿಯೂ ಉಳಿಯದು. ಕೊಳ್ಳೇಗಾಲ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗಲೇ, ಎಂದರೆ 1897ರಲ್ಲಿಯೇ, ಇವೆರಡನ್ನೂ ಕಾಯಿದೆಯು ನಿಷೇಧಿಸಿತು. ಗೊತ್ತುಪಡಿಸಿದ ನೀರಿನಲ್ಲಿ ಎರಡು ವರ್ಷಕ್ಕೆ ಮೀರದಂತೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರವನ್ನೂ ಅದು ಸರ್ಕಾರಕ್ಕೆ ಕೊಟ್ಟಿತ್ತು.

ಕೆರೆಯ ಮೀನು ಮುಗಿದರೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡಬಹುದು. ನದಿಗೂ ಹಾಗೆಯೇ ಮಾಡಬಾರದೇಕೆಂದು ಕೆಲವರು ಕೇಳುವುದುಂಟು. ಕಾವೇರಿಯಲ್ಲಿ ಇದು ನಡೆದೂ ಇದೆ. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಲೋನಾವಳದ ಮರಿಕೇಂದ್ರದ ನೀಲಿ ರೆಕ್ಕೆಯ ಜಾತಿಯನ್ನು ತಂದು ಬಿಡಲಾಯಿತು. ಅದು ಹಬ್ಬಿತು. ಕಾವೇರಿಯ ಜಲಾನಯನದಲ್ಲಲ್ಲದೆ ಬೇರೆಲ್ಲಿಯೂ ಹುಟ್ಟದ, 50 ಕಿಲೋಗ್ರಾಂಗೂ ಮೀರಿ ಬೆಳೆಯಬಲ್ಲ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಬಿಳಿಮೀನು ಮಾತ್ರ ಕ್ಷೀಣಿಸುತ್ತ ಬಂದು, 2018ರಲ್ಲಿ ಅಳಿವಿನ ಅತ್ಯಂತ ಸಮೀಪದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆದುದರಿಂದ ಮಡುವಿನಲ್ಲಿ ಕಳೆದುಕೊಂಡುದನ್ನು ಮರಿಕೇಂದ್ರದಿಂದ ತುಂಬಿಕೊಳ್ಳುವೆವೆಂಬ ಭರವಸೆ ಸಲ್ಲದು.

ಬರದ ವರ್ಷವೇ ಬಡವನಿಗೆ ಮೀನಿನ ಅಗತ್ಯ ಹೆಚ್ಚೆಂಬುದನ್ನೂ ಮರೆಯಲಾಗದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಗಿ ಒಣಗಿ ಕೂಲಿಯೂ ದೊರೆಯದ ಮನೆಯವನಿಗೆ ಇಡೀ ನದಿಯನ್ನು ಮುಚ್ಚಿದೆವೆಂದು ಹೇಳುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಮುಚ್ಚತಕ್ಕದ್ದು ಮಡುಗಳನ್ನು, ಅದೂ ಹೊಸ ನೀರು ಬಂದು ಮೀನು ಮೊಟ್ಟೆಯಿಟ್ಟು ಮುಗಿಯುವವರೆಗೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಇದೇ ಕಾವೇರಿಯ ವಹ್ನಿಪುಷ್ಕರಿಣಿಯ ಮೀನನ್ನು ಜನರು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಯೂ ಕಾಯುವುದು ನದಿಯ ಒಂದು ತುಣುಕನ್ನು ಮಾತ್ರ.

1987ರಲ್ಲಿ ಏರ್ಪಟ್ಟ ಕಾವೇರಿ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಮೀನು ಹಿಡಿಯುವಂತಿಲ್ಲ. ಅದರ ಹೊರಗೆ, ಮೀನು ಹಿಡಿಯಲು ಹಕ್ಕಿರುವ ಹಳ್ಳಹೊಳೆಗಳಲ್ಲಿ, ಗ್ರಾಮಸ್ಥರೇ ಬೇಸಗೆಯ ಮೊದಲಲ್ಲಿ ಕುಳಿತು ನೀರನ್ನು ವಿಂಗಡಿಸಿಕೊಳ್ಳಬಹುದು. ಯಾವ ಮಡು ಎಂಥ ಬರದಲ್ಲಿಯೂ ಬತ್ತಿಲ್ಲವೆಂಬುದು ಊರಿನ ವೃದ್ಧರಿಗೆ ತಿಳಿದೇ ಇರುತ್ತದೆ. ಅದಕ್ಕೆ ಬಲೆ, ಕೂಳಿ, ಗಾಳ ಯಾವುದನ್ನೂ ಇಳಿಸಕೂಡದು. ಮಳೆಗೆ ಮೊದಲೇ ಬತ್ತುವುದು ಖಂಡಿತವಾದ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು ಹೇಗೂ ಸಾಯತಕ್ಕದ್ದೇ. ಅದನ್ನು ಹಿಡಿದು ಉಣ್ಣಬಹುದು. ತಾಯಿಮೀನೇನಾದರೂ ಅಲ್ಲಿ ಸಿಕ್ಕಿದರೆ, ಬೆಳಗಿನ ತಂಪಿನಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿ, ತಡಮಾಡದೆ ಹತ್ತಿರದ ಮಡುವಿಗೆ ಒಯ್ದು ಬಿಡುವುದು ಒಳ್ಳೆಯದು.