ಅಂಚೆಯ ಪಾಠ ಪರದೆಗೆ ಬಂದ ಹಾದಿ

ಶ್ರೀರಂಗಪಟ್ಟಣಕ್ಕೆ ಮೈಸೂರು ಪಕ್ಕದ ಊರು. ಬಸ್ಸೂ ಇದೆ, ರೈಲೂ ಇದೆ. ಆದರೂ ಗದ್ದೆ ಕೆಲಸ, ಅಂಗಡಿ, ಸಂಸಾರಕ್ಕೆ ಕಟ್ಟುಬಿದ್ದವರಿಗೆ ದಿನವೂ ಕಾಲೇಜಿಗೆ ಹೋಗಿಬರುವುದು ಆಗದ ಮಾತು, ನಾಗಮಂಗಲ, ಕೆ.ಆರ್.ಪೇಟೆಯವರಿಗಂತೂ ಇನ್ನೂ ಕಷ್ಟ. ಇಂಥವರ ಮನೆಬಾಗಿಲಿಗೆ ಪದವಿಯ ಪಾಠ ತಲುಪುವ ದಾರಿ ತೆರೆದದ್ದು 1969-70ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣ ಆರಂಭಿಸಿದಾಗ. ಅದರ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಎದುರಿಗೆ ಮೇಷ್ಟ್ರಿಲ್ಲದ ಕಲಿಕೆಯಲ್ಲಿ ಪಾಠವೇ ಮೇಷ್ಟ್ರಾಗಬೇಕು. ದೂರಶಿಕ್ಷಣದ ಪುಸ್ತಕಗಳು ಚಿಕ್ಕ ಘಟಕಗಳಾಗಿ ಒಡೆದದ್ದು, ಮೊದಲಲ್ಲೇ ಉದ್ದೇಶ ಹೇಳಿದ್ದು, ನಡುನಡುವೆ ಪ್ರಶ್ನೆ ಕೇಳಿದ್ದು ಇದೇ ಕಾರಣಕ್ಕೆ. ಅಷ್ಟೂ ಸಾಲದೆಂದೇ ಸಂಪರ್ಕ ತರಗತಿಗಳು ಬಂದವು. ಒಬ್ಬರೇ ಓದುವುದು, ಆಮೇಲೆ ಕೂಡಿ ಕೇಳುವುದು: ಇಂದಿನ ಮಿಶ್ರ ಕಲಿಕೆಯ ಬೇರು ಇಲ್ಲಿದೆ.

2004ರ ಸೆಪ್ಟೆಂಬರ್ 20ರಂದು ಪಾಠ ಪ್ರಸಾರಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠಗಳು ಬಂದವು. 2017ರ ಜುಲೈನಲ್ಲಿ ಲೋಕಾರ್ಪಣೆಯಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ ಒಂದೊಂದು ಕೋರ್ಸನ್ನೂ ನಾಲ್ಕು ಭಾಗವಾಗಿ ಕಟ್ಟಿತು: ವಿಡಿಯೊ, ಓದಲು ಪಠ್ಯ, ಸ್ವಪರೀಕ್ಷೆ, ಸಂದೇಹ ಕೇಳಲು ಚರ್ಚೆ. ಅಂಚೆಯ ಕಾಲದಲ್ಲಿ ಕಂಡುಕೊಂಡದ್ದೇ ಇಲ್ಲಿ ಹೊಸ ಸಾಧನಗಳಲ್ಲಿ ಮೂಡಿತು.

2020ರಲ್ಲಿ ಕೋವಿಡ್ ಶಾಲೆಗಳ ಬಾಗಿಲು ಮುಚ್ಚಿಸಿತು. ಆ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ರಾಜ್ಯ ಸರ್ಕಾರ ಮೊದಲು ಕೇಳಿದ್ದು, ಯಾವ ಮಗುವಿನ ಮನೆಯಲ್ಲಿ ಏನಿದೆ ಎಂದು. ಫೋನೇ ಇಲ್ಲದವರು, ಸಾದಾ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ವಠಾರ ಶಾಲೆ ನಡೆಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ಆ ಮೊದಲ ಪ್ರಶ್ನೆ ಸರಿಯಾಗಿತ್ತು.

ಈಗ ಕೋರ್ಸು ಕಟ್ಟುವವರೂ ಆ ಪ್ರಶ್ನೆಯಿಂದಲೇ ಹೊರಡಬೇಕು. ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಚಿತ್ರೀಕರಿಸಿ ಹಾಕಿದರೆ ಅದು ಕೋರ್ಸಾಗುವುದಿಲ್ಲ. ವಿವರಣೆ ಚಿಕ್ಕ ವಿಡಿಯೊಗಳಲ್ಲಿರಲಿ. ನೆಟ್‌ವರ್ಕ್ ಸಿಗದವರಿಗೆ ಮುದ್ರಿತ ಪಾಠವೂ ಇರಲಿ. ಮುಖಾಮುಖಿ ಸಿಗುವ ಹೊತ್ತು ಲೆಕ್ಕ ಬಿಡಿಸಲು, ಪ್ರಯೋಗ ಮಾಡಲು, ಬರೆದದ್ದನ್ನು ತಿದ್ದಲು ಮೀಸಲಾಗಲಿ. ಪಾಂಡವಪುರದ ಕಡೆ ಕಬ್ಬು ಕಟಾವಿನ ದಿನಗಳಲ್ಲಿ ಸಂಪರ್ಕ ತರಗತಿ ಇಟ್ಟು, ಹಾಜರಿ ಇಲ್ಲವೆಂದು ಕಲಿಯುವವರನ್ನು ದೂರುವುದು ನ್ಯಾಯವಲ್ಲ. ಅವರ ದಿನಚರಿಯನ್ನು ಅರಿತು ವೇಳಾಪಟ್ಟಿ ಹಾಕುವುದೂ ಬೋಧನೆಯ ಕೆಲಸವೇ.