ಉಳ್ಳಾಲದ ಮರಳು ಯಾವ ವಿಭಾಗಕ್ಕೆ ಸೇರಿದ್ದು?

ಬಿ.ಎ. ಮುಗಿಯುತ್ತ ಬಂದಿತು. ಮುಂದೇನೆಂದು ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಇದಕ್ಕೆ ಉತ್ತರ ಹೇಳಿಕೊಡುವವರು ಅಲ್ಲಿಲ್ಲ. ತಂದೆಯವರು ದೋಣಿಯಲ್ಲಿ ಮೀನಿಗೆ ಹೋಗುವವರು. ಮಳೆಗಾಲದಲ್ಲಿ ಕಡಲು ನಮ್ಮ ಹಿತ್ತಿಲ ತೆಂಗಿನ ಬುಡವನ್ನು ಕೊರೆಯುವಾಗ ಅವರು ಕೇಳುವುದು ಒಂದೇ ಮಾತು: “ಇಲ್ಲಿದ್ದ ಮರಳು ಎಲ್ಲಿಗೆ ಹೋಯಿತು ಮಗಾ? ನಿನ್ನ ಪುಸ್ತಕದಲ್ಲಿ ಇದೆಯೋ?”

ನನ್ನ ಪುಸ್ತಕಗಳು ಇತಿಹಾಸ, ಅರ್ಥಶಾಸ್ತ್ರಗಳವು. ಆದುದರಿಂದ ಪರಿಸರ ಮತ್ತು ಶಕ್ತಿಯ ವಿಷಯಗಳನ್ನು ಎಲ್ಲಿ ಕಲಿಸುತ್ತಾರೆ, ಯಾರಿಗೆ ಕಲಿಸುತ್ತಾರೆ ಎಂದು ವಿಚಾರಿಸಹೊರಟೆ.

1980ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯವು ನಮಗೆ ಸಮೀಪದ ಕೊಣಾಜೆಯಲ್ಲಿಯೇ ಇದೆ. ತಂದೆಯವರ ಪ್ರಶ್ನೆಗೆ ಉತ್ತರ ಅಲ್ಲಿನ ಸಾಗರ ಭೂವಿಜ್ಞಾನದಲ್ಲಿ ದೊರೆಯುತ್ತದೆ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಮರಳು ಕಡಲ ಕರೆಯುದ್ದಕ್ಕೂ ಸದಾ ಸಂಚರಿಸುತ್ತಿರುತ್ತದೆ. ಅಳಿವೆಯಲ್ಲಿ ಕಲ್ಲಿನ ದಂಡೆ ಕಟ್ಟಿದರೆ ಆ ಸಂಚಾರಕ್ಕೆ ಅಡ್ಡಿಯಾಗಿ, ಒಂದು ಬದಿಯಲ್ಲಿ ಮರಳು ರಾಶಿಬೀಳುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ನೇತ್ರಾವತಿ–ಗುರುಪುರ ನದಿಗಳ ಅಳಿವೆಯ ದಕ್ಷಿಣಕ್ಕಿರುವ ನಾವು ಬರಿದಾದ ಬದಿಯವರು.

ದಡವನ್ನು ಉಳಿಸುವ ಕಟ್ಟಡಗಳ ವಿದ್ಯೆ ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆಯಲ್ಲಿದೆ. 1960ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗಿಗೆಂದೇ ಒಂದು ವಿಭಾಗವಿದೆ.

ನನಗೆ ಅತ್ಯಂತ ಆಶ್ಚರ್ಯವಾದುದು ಭೌತಶಾಸ್ತ್ರದವರ ಸಂಗತಿ. ನಮ್ಮ ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದ್ದು, ಅದರಲ್ಲಿ ಥೋರಿಯಂ ಇದೆ. ಇದರಿಂದ ಇಲ್ಲಿ ಸಹಜ ವಿಕಿರಣವು ಹೆಚ್ಚೆಂಬುದನ್ನು ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಅಳೆದು 1993ರಲ್ಲಿ ಪ್ರಕಟಿಸಿದರು. ಥೋರಿಯಂ ತಾನಾಗಿ ಉರಿಯುವ ಇಂಧನವಲ್ಲ. ನ್ಯೂಟ್ರಾನನ್ನು ಹೀರಿದ ಮೇಲೆ ಅದು ಕ್ರಮೇಣ ಯುರೇನಿಯಂ–233 ಆಗುತ್ತದೆ. ಆ ಇಂಧನದಿಂದ ನಡೆಯುವ ‘ಕಾಮಿನಿ’ ಎಂಬ ಚಿಕ್ಕ ರಿಯಾಕ್ಟರು 1996ರಲ್ಲಿ ಕಲ್ಪಾಕ್ಕಮ್ಮಿನಲ್ಲಿ ಚಾಲನೆಗೊಂಡಿತು. ಬಲೆ ಒಣಗಿಸುವ ಮರಳಿನಲ್ಲಿ ಇಷ್ಟೆಲ್ಲ ಅಡಗಿದೆಯೆಂದು ಹೇಳಿದಾಗ ತಂದೆಯವರು ನಕ್ಕರು.

ಆದರೆ ಈ ಬಾಗಿಲುಗಳೆಲ್ಲ ವಿಜ್ಞಾನ ಓದಿದವರಿಗೆ. ನಾನು ವಿಚಾರಿಸಲು ಹೋದ ಒಂದು ಕಛೇರಿಯಲ್ಲಿ, “ಬಿ.ಎ.ಯೇ? ನಿಮಗಿಲ್ಲಿ ಏನೂ ಇಲ್ಲ” ಎಂದು ತಲೆಯೆತ್ತದೆ ಹೇಳಿದರು. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅವಮಾನಕ್ಕಿಂತ ಹೆಚ್ಚಾಗಿ ಸಂದೇಹ ಉಂಟಾಯಿತು. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ 1991ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣ ಎಲ್ಲ ವಿದ್ಯಾರ್ಥಿಗಳಿಗೂ ಬೇಕೆಂದಿತ್ತು. ನಾವು ಪದವಿಯಲ್ಲಿ ಪರಿಸರ ಅಧ್ಯಯನವನ್ನು ಓದುವುದು ಅದರ ಫಲ. (ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುತ್ತೇವೆಂಬುದು ಬೇರೆ ಮಾತು.) ಅದೇ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಹೊರಟಿತು. 2011ರಲ್ಲಿ, ಮತ್ತೆ 2019ರಲ್ಲಿ ಅದು ಬದಲಾಯಿತು. ಭರತದ ಗೆರೆಯಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬಹುದೆಂಬುದನ್ನು ನಿರ್ಣಯಿಸುವುದು ಈ ಕಾನೂನು. ಗೆರೆಯೇ ಮನೆಯತ್ತ ಸರಿದು ಬಂದವರ ಗತಿಯೇನು? ಇದು ಕಾನೂನು, ಅರ್ಥಶಾಸ್ತ್ರ, ಇತಿಹಾಸಗಳ ಪ್ರಶ್ನೆಯಲ್ಲವೇ?

ಹುಡುಕಿದಾಗ ನಮ್ಮಂಥವರಿಗೂ ದಾರಿ ಕಂಡಿತು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪರಿಸರ ಅಧ್ಯಯನದ ಎಂ.ಎ.ಗೆ ಯಾವ ಪದವೀಧರನೂ ಸೇರಬಹುದು, ಮನೆಯಲ್ಲಿದ್ದೇ ಓದಬಹುದು.

ಕಳೆದ ಭಾನುವಾರ ತಂದೆಯವರನ್ನು ಕರೆದುಕೊಂಡು ಕಡಲ ಕರೆಗೆ ಹೋದೆ. ತಮ್ಮ ಬಾಲ್ಯದಲ್ಲಿ ದೋಣಿ ಎಳೆದಿಡುತ್ತಿದ್ದ ಜಾಗ ಎಲ್ಲಿತ್ತೆಂದು ಕೇಳಿದೆ. ಅವರು ನೀರಿನತ್ತ ಬೆರಳು ತೋರಿದರು. ನಾನು ಬರೆದುಕೊಂಡೆ.