ಕೊಳದ ಮೀನು, ತಟ್ಟೆಯ ಮೀನು

ಬ್ಯಾಂಕಾಕಿನವರಿಗೆ ಥಾಯ್ ಊಟ ಸಿಗುವ ಜಾಗ ಬಹುಕಾಲ ಎರಡೇ: ಮನೆ, ಇಲ್ಲವೇ ಬೀದಿ. ಬಿಳಿ ಮೇಜುಬಟ್ಟೆ ಹಾಸಿ, ಊಟವೊಂದಕ್ಕೆ ಸಾವಿರಾರು ಬಾತ್ ಕೇಳುವ ಥಾಯ್ ರೆಸ್ಟೋರೆಂಟು ಪ್ರವಾಸಿಗರ ಪಾಲಿನದಾಗಿತ್ತು. ಅಷ್ಟು ಹಣ ತೆರುವುದಾದರೆ ಫ್ರೆಂಚ್ ಊಟವನ್ನೋ ಜಪಾನಿ ಊಟವನ್ನೋ ಮಾಡೋಣ, ಅಮ್ಮ ಮಾಡುವ ಅಡುಗೆಗೆ ಯಾರು ಕೊಡುತ್ತಾರೆ ಎಂಬ ಲೆಕ್ಕ ಊರವರದು. (ಪಿಜ್ಜಾಕ್ಕೆ ಐನೂರು ಕೊಟ್ಟು ಅಕ್ಕಿರೊಟ್ಟಿಗೆ ಐನೂರು ಕೊಡಲು ಹಿಂಜರಿಯುವ ನಮಗೆ ಈ ಲೆಕ್ಕ ಹೊಸದೇನಲ್ಲ.) ಹೀಗಾಗಿ ಐಷಾರಾಮಿ ಥಾಯ್ ರೆಸ್ಟೋರೆಂಟಿನ ಚಹರೆ ರೂಪುಗೊಂಡದ್ದು ಬಹುಮಟ್ಟಿಗೆ ಹೊರದೇಶಗಳಲ್ಲಿ, ಹೊರಗಿನವರ ಕಣ್ಣಿಗೆ. ಬ್ರಸೆಲ್ಸ್‌ನಲ್ಲಿ 1980ರಲ್ಲಿ ‘ಬ್ಲೂ ಎಲಿಫೆಂಟ್’ ತೆರೆದ ದಂಪತಿಯಲ್ಲಿ ಹೆಂಡತಿ ನೂರೋರ್ ಸೋಮನಿ ಥಾಯ್ ಅಡುಗೆಯವರು, ಗಂಡ ಕಾರ್ಲ್ ಸ್ಟೆಪ್ಪೆ ಬೆಲ್ಜಿಯಂನ ಪ್ರಾಚೀನ ವಸ್ತುಗಳ ವ್ಯಾಪಾರಿ. ಬಿಲ್ಲಿನ ಹಣ ಹೋಗುವುದು ಅಡುಗೆಗೋ ಅಲಂಕಾರಕ್ಕೋ ಎಂಬ ನಮ್ಮ ಪ್ರಶ್ನೆಯೂ ಈ ಜೋಡಿಯಲ್ಲೇ ಅಡಗಿದೆ: ಅಡುಗೆ ಒಬ್ಬರದು, ಅಲಂಕಾರ ಇನ್ನೊಬ್ಬರದು. ಮುಂದೆ ಲಂಡನ್ನಿನಲ್ಲಿ ತೆರೆದ ಅವರ ಶಾಖೆ ಹೆಸರಾದದ್ದು ಒಳಾಂಗಣದ ಜಲಪಾತ, ಪುಟ್ಟ ಸೇತುವೆ, ಆರ್ಕಿಡ್ ಹೂಗಳು ಮತ್ತು ಬಣ್ಣದ ಮೀನುಗಳ ಕೊಳಕ್ಕೆ. ಅನಂತರ ಜಗತ್ತಿನ ಎಷ್ಟೋ ಊರುಗಳ ದುಬಾರಿ ಥಾಯ್ ರೆಸ್ಟೋರೆಂಟುಗಳಲ್ಲಿ ಆ ಕೊಳದ ಮರಿಗಳು ಕಾಣಿಸಿಕೊಂಡವು.

ಇದು ಖಾಸಗಿ ರುಚಿಯ ಮಾತಷ್ಟೇ ಆಗಿ ಉಳಿಯಲಿಲ್ಲ. ಈ ಶತಮಾನದ ಆರಂಭದಲ್ಲಿ, 2002ರ ಆಸುಪಾಸು, ಥಾಯ್ ಸರ್ಕಾರವೇ ಹೊರದೇಶಗಳಲ್ಲಿ ಥಾಯ್ ರೆಸ್ಟೋರೆಂಟುಗಳನ್ನು ಸಾವಿರಗಟ್ಟಲೆ ಹೆಚ್ಚಿಸುವ ‘ಗ್ಲೋಬಲ್ ಥಾಯ್’ ಯೋಜನೆಗೆ ಇಳಿಯಿತು. ಪ್ರವಾಸಿಗರನ್ನು ಸೆಳೆಯುವುದು, ಅಕ್ಕಿ ಮಸಾಲೆ ಸಾಸುಗಳ ರಫ್ತು ಬೆಳೆಸುವುದು ಅದರ ಉದ್ದೇಶ. ಅದಕ್ಕಾಗಿ ಮೂರು ದರ್ಜೆಯ ಮಾದರಿ ಹೋಟೆಲುಗಳ ನಕ್ಷೆಯೂ ತಯಾರಾಯಿತು. ಅವಸರದ ತಿಂಡಿಗೆ ‘ಎಲಿಫೆಂಟ್ ಜಂಪ್’, ನಡುವಿನ ದರ್ಜೆಗೆ ‘ಕೂಲ್ ಬೇಸಿಲ್’, ಶ್ರೀಮಂತ ಗಿರಾಕಿಗೆ ‘ಗೋಲ್ಡನ್ ಲೀಫ್’. ಈ ಮೂರನೆಯದರಲ್ಲಿ ಥಾಯ್ ಬಟ್ಟೆ, ಥಾಯ್ ಕುಸುರಿ, ಥಾಯ್ ಪೀಠೋಪಕರಣಗಳೇ ಗುರುತು. ವಾತಾವರಣವೂ ಒಂದು ರಫ್ತು ಸರಕಾಯಿತು ಎನ್ನಬಹುದು. ರಫ್ತು ಸರಕಿನ ಗುಣವೇ ಹಾಗೆ: ಕೆಡದೆ ಹಡಗು ಹತ್ತುವುದು ಮೊದಲು ಹೋಗುತ್ತದೆ. ಕೆತ್ತಿದ ಮರದ ಬಾಗಿಲು ಕೆಡುವುದಿಲ್ಲ. ಒರಳಲ್ಲಿ ಈಗಷ್ಟೇ ಕುಟ್ಟಿದ ಮಸಾಲೆ ಕೆಡುತ್ತದೆ.

ಆ ಮಸಾಲೆಯ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಿಲ್ಲಿನಲ್ಲಿ ಯಾವುದಕ್ಕೆ ಹಣ ಹೋಗುತ್ತಿದೆ ಎಂಬುದರ ಸಾಕ್ಷ್ಯ ಅಲ್ಲಿದೆ. ಥಾಯ್ ‘ಗೇಂಗ್’, ಅಂದರೆ ನಾವು ಹಸಿರು ಕರಿ, ಕೆಂಪು ಕರಿ ಎನ್ನುವುದು, ಒರಳಿನಲ್ಲಿ ಆರಂಭವಾಗುತ್ತದೆ. ಕಾಳುಮೆಣಸು, ಕೊತ್ತಂಬರಿ ಬೀಜದಂಥ ಒಣ ಮಸಾಲೆಯನ್ನು ಬೇರೆಯಾಗಿ ಪುಡಿ ಮಾಡಿಟ್ಟುಕೊಂಡು, ಮೆಣಸಿನಕಾಯಿಯನ್ನು ಉಪ್ಪಿನೊಡನೆ ಕುಟ್ಟುತ್ತಾರೆ. ಆಮೇಲೆ ನಾರಿನವು: ಮಜ್ಜಿಗೆ ಹುಲ್ಲಿನ ಬುಡ, ಶುಂಠಿಯ ದಾಯಾದಿಯಾದ ಗಲಂಗಲ್, ಉಬ್ಬುತಗ್ಗು ಮೈಯ ಒಂದು ಬಗೆಯ ನಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು. ಅನಂತರ ನೀರಿನಂಶದ ಈರುಳ್ಳಿ ಬೆಳ್ಳುಳ್ಳಿ, ಕೊನೆಗೆ ‘ಕಪಿ’. (ಅಲ್ಲಿ ಕಪಿ ಎಂದರೆ ಹುದುಗು ಬರಿಸಿದ ಸೀಗಡಿಯ ಮುದ್ದೆ, ಕೋತಿಗೂ ಅದಕ್ಕೂ ಸಂಬಂಧವಿಲ್ಲ.) ಮಿಕ್ಸಿ ತಿರುಗಬೇಕಾದರೆ ನೀರು ಸುರಿಯಬೇಕು, ನೀರು ಬಿದ್ದ ಮಸಾಲೆ ಹುರಿಯದೆ ಬೇಯುತ್ತದೆ. ಒರಳಿಗೆ ನೀರು ಬೇಡ, ಅದು ನಾರನ್ನು ಜಜ್ಜಿ ಎಣ್ಣೆಯನ್ನು ಹೊರಗೆ ತರುತ್ತದೆ. ಮುಂದಿನ ಹಂತ ಇನ್ನೂ ಸೂಕ್ಷ್ಮ. ಮೊದಲ ಕಾಯಿಹಾಲನ್ನು ಬಾಣಲೆಯಲ್ಲಿ ಕಾಯಿಸಿ, ಅದು ಒಡೆದು ಎಣ್ಣೆ ಬಿಟ್ಟ ಮೇಲೆ ಆ ಎಣ್ಣೆಯಲ್ಲೇ ಮಸಾಲೆಯನ್ನು ಹಸಿ ವಾಸನೆ ಹೋಗುವವರೆಗೆ ಹುರಿಯಬೇಕು. ಹಾಲು ಒಡೆದರೆ ಅಡುಗೆ ಕೆಟ್ಟಿತು ಎನ್ನುವ ಕೈಗೆ ಇದು ತಲೆಕೆಳಗಾದ ಪಾಠ. ಡಬ್ಬಿ, ಪೊಟ್ಟಣಗಳ ಎಷ್ಟೋ ಕಾಯಿಹಾಲಿಗೆ ಒಡೆಯದಂತೆ ಸ್ಥಿರಕಾರಕ ಬೆರೆಸಿರುತ್ತಾರೆ, ಎಷ್ಟು ಕಾಯಿಸಿದರೂ ಅದು ನಯವಾಗಿಯೇ ಉಳಿಯುತ್ತದೆ. ಹೀಗಾಗಿ ಗಿರಾಕಿಗೆ ಒಂದು ಸುಲಭ ಪರೀಕ್ಷೆ ದಕ್ಕಿತು. ಬಟ್ಟಲಿನ ಮೇಲ್ಮೈಯಲ್ಲಿ ಬಣ್ಣದ ಎಣ್ಣೆಯ ಹನಿಗಳು ತೇಲುತ್ತಿದ್ದರೆ ಒಳಗೆ ಯಾರೋ ಕೆಲಸ ಮಾಡಿದ್ದಾರೆ. ಪೇಂಟಿನಂತೆ ನುಣ್ಣಗೆ, ಒಂದೇ ಹಸಿರಾಗಿದ್ದರೆ ಅನುಮಾನಿಸಬಹುದು, ಗೋಡೆಯ ಮೇಲೆ ಎಷ್ಟೇ ಚಿನ್ನದ ಎಲೆ ಹೊಳೆಯುತ್ತಿರಲಿ.

ಈ ಲೇಖನದ ವಾದ ಇಷ್ಟೇ: ಊಟದ ಮನೆಯ ವಾತಾವರಣ ಎರಡು ಬಗೆಯದು. ಒಂದು ಅಡುಗೆಗಾಗಿ ದುಡಿಯುತ್ತದೆ, ಇನ್ನೊಂದು ಅಡುಗೆಯ ಜಾಗದಲ್ಲಿ ತಾನು ಕೂರುತ್ತದೆ. ಮೊದಲನೆಯದಕ್ಕೆ ಹಣ ಕೊಡುವುದು ನ್ಯಾಯ. ಎರಡನೆಯದರಿಂದ ಬರಿ ಹಣವಷ್ಟೇ ಹೋಗುವುದಾಗಿದ್ದರೆ ತಕರಾರು ಬೇಕಿರಲಿಲ್ಲ. ಅದು ಅಡುಗೆಯನ್ನೇ ತನ್ನ ಅಳತೆಗೆ ಕತ್ತರಿಸುತ್ತದೆ. ಥಾಯ್ ಊಟ ಸ್ವಭಾವತಃ ಸದ್ದು, ವಾಸನೆ, ಹಂಚಿಕೆಗಳ ಊಟ. ಹಸಿ ಪಪ್ಪಾಯಿಯ ‘ಸೊಮ್ ತಮ್’ ಕೇಳಿದಾಗ ಕುಟ್ಟಬೇಕಾದದ್ದು. ಆ ಟಕ್ ಟಕ್ ಸದ್ದೇ ಅದರ ಜಾಹೀರಾತು. ಮಂದ ಬೆಳಕಿನ, ಮೆಲುಸಂಗೀತದ ಕೋಣೆಗೆ ಆ ಸದ್ದು ಬೇಡ, ಮೆಣಸಿನಕಾಯಿ ಹುರಿದ ಘಾಟು ಬೇಡ, ಮೀನಿನ ಸಾಸಿನ ಕಮಟು ಬೇಡ. ಅಡುಗೆಮನೆ ಎರಡು ಬಾಗಿಲು ಹಿಂದಕ್ಕೆ ಸರಿಯುತ್ತದೆ, ಬಾಗಿಲು ದಾಟಿ ಬರುವಷ್ಟರಲ್ಲಿ ಘಮವೂ ಸರಿದಿರುತ್ತದೆ. ಇನ್ನು ಹಂಚಿಕೆ. ಅನ್ನವನ್ನು ನಡುವೆ ಇಟ್ಟು, ಗೇಂಗ್, ಕಲಸಿದ ಹಸಿ ಪದಾರ್ಥ, ಹುರಿದದ್ದು, ಚಟ್ನಿಯಂಥ ‘ನಾಮ್ ಪ್ರಿಕ್’ ಎಲ್ಲವನ್ನೂ ಒಟ್ಟಿಗೆ ಬಡಿಸುವ ಕ್ರಮಕ್ಕೆ ‘ಸಮ್‌ರಪ್’ ಎನ್ನುತ್ತಾರೆ. ಒಂದರ ಖಾರವನ್ನು ಇನ್ನೊಂದರ ಸಿಹಿ ಇಳಿಸುತ್ತದೆ, ಇದರ ಜಿಡ್ಡನ್ನು ಅದರ ಹುಳಿ ಕಳೆಯುತ್ತದೆ. ನಮ್ಮ ಬಾಳೆಎಲೆಯ ಊಟ ಬಲ್ಲವರಿಗೆ ಈ ತರ್ಕ ಬಿಡಿಸಿ ಹೇಳಬೇಕಿಲ್ಲ. ಆದರೆ ಯುರೋಪಿನ ಶೈಲಿಯ ಭೋಜನಶಾಲೆ ಒಂದೊಂದಾಗಿ ತಟ್ಟೆ ಇಡುತ್ತದೆ. ಒಂಟಿಯಾಗಿ ಬಂದ ಗೇಂಗ್ ಜೊತೆಗಾರರಿಲ್ಲದೆ ತನ್ನ ಖಾರವನ್ನು ತಾನೇ ತಗ್ಗಿಸಿಕೊಳ್ಳಬೇಕು. ಹಾಗೆಂದೇ ಸಕ್ಕರೆ ಬೀಳುತ್ತದೆ, ಕಾಯಿಹಾಲು ಹೆಚ್ಚುತ್ತದೆ, ಮೆಣಸಿನಕಾಯಿ ಅಲಂಕಾರಕ್ಕೆ ಮೇಲೇರುತ್ತದೆ.

ಅಲಂಕಾರ ಥಾಯ್ ಅಡುಗೆಗೆ ಹೊರಗಿನದಲ್ಲ, ಅರಮನೆಯ ಪಾಕಶಾಲೆಯೇ ಅದಕ್ಕೆ ತವರು ಎಂದು ಇಲ್ಲಿ ಆಕ್ಷೇಪಿಸಬಹುದು. ನಿಜ. ಕಲ್ಲಂಗಡಿಯಲ್ಲಿ ತಾವರೆ ಅರಳಿಸುವ ಕೆತ್ತನೆ, ‘ಬೆಂಜರೋಂಗ್’ ಎಂಬ ಬಣ್ಣಬಣ್ಣದ ಪಿಂಗಾಣಿ ಎರಡಕ್ಕೂ ಆಸ್ಥಾನದ ನಂಟಿದೆ. (ಈ ಪಿಂಗಾಣಿಯ ಹೆಸರಿನಲ್ಲಿ ನಮ್ಮ ‘ಪಂಚ’ವೂ ‘ರಂಗ’ವೂ ಅವಿತಿವೆ.) ಆದರೆ ಅರಮನೆಯ ಅತಿ ನಾಜೂಕಿನ ಊಟವನ್ನೇ ತೆಗೆದುಕೊಂಡು ನೋಡಿ. ‘ಖಾವ್ ಚೇ’ ಎಂಬುದು ಏಪ್ರಿಲ್ ಬಿಸಿಲಿನ ತಿನಿಸು. ಮೂಲ ಮೋನ್ ಜನರದು, ಅರಮನೆಯಲ್ಲಿ ಐದನೆಯ ರಾಮ ಚುಲಾಲಾಂಗ್‌ಕಾರ್ನ್ ದೊರೆಯ ಕಾಲಕ್ಕೆ ಹೆಸರಾಯಿತು. ಮಲ್ಲಿಗೆ ತೇಲಿಬಿಟ್ಟು, ಸುಗಂಧದ ಮೇಣದಬತ್ತಿಯ ಹೊಗೆ ಹಿಡಿಸಿದ ತಣ್ಣೀರಿನಲ್ಲಿ ಅನ್ನ. ಪಕ್ಕದಲ್ಲಿ ಕಪಿಯ ಉಂಡೆ ಕರಿದದ್ದು, ಮೊಟ್ಟೆಯ ಎಳೆಗಳ ಬಲೆ ಹೊದಿಸಿದ ಹೂರಣದ ಮೆಣಸಿನಕಾಯಿ, ಸಿಹಿ ಮೂಲಂಗಿ. ಒಂದು ತುತ್ತು ಪಕ್ಕದ್ದು ತಿಂದು, ಮೇಲೆ ಒಂದು ಚಮಚ ನೀರನ್ನ. ಇಲ್ಲಿ ಮಲ್ಲಿಗೆ ಮೇಜಿನ ಹೂದಾನಿಯಲ್ಲಿಲ್ಲ, ಬಟ್ಟಲಿನಲ್ಲಿದೆ. ಮೇಣದಬತ್ತಿ ಉರಿದದ್ದು ಪ್ರಣಯದ ಬೆಳಕಿಗಲ್ಲ, ಅನ್ನದ ಘಮಕ್ಕೆ. ಅರಮನೆಯ ಹೆಸರಿನಲ್ಲಿ ಸಪ್ಪೆಯನ್ನೂ ಸಿಹಿಯನ್ನೂ ಮಾರುವವರು ಈ ಶ್ರಮವನ್ನು ಬಿಟ್ಟು ಅದರ ಪಿಂಗಾಣಿಯನ್ನಷ್ಟೇ ಎತ್ತಿಕೊಂಡಿದ್ದಾರೆ.

ಹಾಗಾದರೆ ನೇರ ಬೀದಿಗೇ ಹೋಗೋಣವೇ? ಆ ದಾರಿಯೂ ತೋರುವಷ್ಟು ನೇರವಿಲ್ಲ. ರೆಸ್ಟೋರೆಂಟುಗಳಿಗೆ ಒಂದರಿಂದ ಮೂರರವರೆಗೆ ನಕ್ಷತ್ರ ಕೊಡುವ ಮಿಷೆಲಿನ್ ಗೈಡಿನ ಮೊದಲ ಬ್ಯಾಂಕಾಕ್ ಆವೃತ್ತಿ 2017ರ ಡಿಸೆಂಬರಿನಲ್ಲಿ ಬಂತು. ಥಾಯ್ ಪ್ರವಾಸೋದ್ಯಮ ಪ್ರಾಧಿಕಾರ ಐದು ವರ್ಷಕ್ಕೆ 14.4 ಕೋಟಿ ಬಾತ್ ಕೊಡಲೊಪ್ಪಿ ಆ ಗೈಡನ್ನು ಕರೆಸಿಕೊಂಡಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಪಟ್ಟಿ ಓದಬೇಕು. ಆದರೂ ಪಟ್ಟಿ ಕುತೂಹಲದ್ದು. ಆ ವರ್ಷ ಎರಡು ನಕ್ಷತ್ರ ಪಡೆದ ಮೂರೂ ಕಡೆ ಥಾಯ್ ಅಡುಗೆ ಇರಲಿಲ್ಲ: ಗಗನ್ ಆನಂದರ ಭಾರತೀಯ ಅಡುಗೆ, ‘ಲೆ ನಾರ್ಮಂಡಿ’ಯ ಫ್ರೆಂಚ್, ‘ಮೆಜ್ಜಲೂನಾ’ದ ಯುರೋಪಿಯನ್. ಒಂದು ನಕ್ಷತ್ರದವರ ಸಾಲಿನಲ್ಲಿ ಮಹಾಚಾಯ್ ರಸ್ತೆಯ ‘ಜೇ ಫೈ’ ಇತ್ತು, ಸಿಡಿಯುವ ಎಣ್ಣೆಗೆ ಅಡ್ಡಲಾಗಿ ದೊಡ್ಡ ಕನ್ನಡಕ ಧರಿಸಿ, ಇದ್ದಿಲೊಲೆಯ ಮುಂದೆ ನಿಂತು ಏಡಿಯ ಆಮ್ಲೆಟ್ ಕರಿಯುವ ವೃದ್ಧೆಯ ಅಂಗಡಿ. ನಕ್ಷತ್ರಗಳು ತಟ್ಟೆಗೆ ಮಾತ್ರ, ಆಸನದ ಸೌಖ್ಯಕ್ಕಲ್ಲ ಎಂಬುದು ಮಿಷೆಲಿನ್ ಹೇಳಿಕೊಳ್ಳುವ ನಿಯಮ. ಜೇ ಫೈ ಅದಕ್ಕೆ ಒಳ್ಳೆಯ ರುಜುವಾತು. ಹಾಗಂತ ಅದು ಅಗ್ಗದ ಊಟವಲ್ಲ, ಆಗಲೇ ಆಮ್ಲೆಟ್ಟಿಗೆ ಸಾವಿರ ಬಾತಿನ ಆಸುಪಾಸು. ಆ ಹಣ ಹೋಗುವುದು ಕೈತುಂಬ ಏಡಿಮಾಂಸಕ್ಕೆ, ಬೆಂಕಿ ಬಲ್ಲ ಒಂದು ಕೈಗೆ. ಆದರೆ ಆ ಕನ್ನಡಕ, ಆ ಹೊಗೆ, ಗಂಟೆಗಟ್ಟಲೆ ಕಾಯುವ ಆ ಸಾಲು ಈಗ ಜಗತ್ತೆಲ್ಲ ಫೋಟೋ ಹಿಡಿಯುವ ದೃಶ್ಯವಾಗಿವೆ. ವಾತಾವರಣವಿಲ್ಲದಿರುವುದೂ ಒಂದು ವಾತಾವರಣವೇ, ಬೀದಿಯ ಸರಳತೆಗೂ ರಂಗಸಜ್ಜಿಕೆಯ ಬೆಲೆ ಬರುತ್ತದೆ. ಆದ್ದರಿಂದ ಬೀದಿ ನಿಜ, ಅರಮನೆ ಸುಳ್ಳು ಎಂಬ ಸಲೀಸು ವಿಂಗಡಣೆ ನನಗೆ ಒಪ್ಪಿಗೆಯಿಲ್ಲ.

ಕೋಣೆಯೂ ತಟ್ಟೆಯೂ ಒಂದೇ ಕಡೆ ದುಡಿದ ನಿದರ್ಶನಗಳು ಇವೆ. ಆಸ್ಟ್ರೇಲಿಯಾದ ಬಾಣಸಿಗ ಡೇವಿಡ್ ಥಾಂಪ್ಸನ್ 2001ರಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ‘ನಾಮ್’ ತೆರೆದು, ತಿಂಗಳುಗಳಲ್ಲೇ ಮಿಷೆಲಿನ್ ನಕ್ಷತ್ರ ಪಡೆದರು. ಥಾಯ್ ರೆಸ್ಟೋರೆಂಟಿಗೆ ಅದು ಮೊದಲನೆಯದು. 2010ರಲ್ಲಿ ಅದೇ ಹೆಸರಿನಲ್ಲಿ ಬ್ಯಾಂಕಾಕಿಗೆ ಬಂದಾಗ, ನಮ್ಮ ಅಡುಗೆಯನ್ನು ನಮಗೇ ಕಲಿಸಲು ಬಂದನೇ ಎಂದು ಊರಲ್ಲಿ ಅಸಮಾಧಾನವೆದ್ದಿತು. ಅವರ ಬಂಡವಾಳ ವಿಚಿತ್ರವಾದದ್ದು: ಶವಸಂಸ್ಕಾರದ ನೆನಪಿನ ಪುಸ್ತಕಗಳು. ಥಾಯ್ಲೆಂಡಿನಲ್ಲಿ ಹಿರಿಯರು ತೀರಿಕೊಂಡಾಗ ಅವರ ಬದುಕಿನ ಕುರಿತು ಪುಸ್ತಿಕೆ ಅಚ್ಚು ಹಾಕಿಸಿ ಹಂಚುವ ರೂಢಿಯಿದೆ. ಅಡುಗೆಯಲ್ಲಿ ಕೈ ನುರಿತವರಾದರೆ ಅವರ ಪಾಕಗಳೂ ಅದರಲ್ಲಿ ಸೇರುತ್ತವೆ. ಸತ್ತವರ ಕೈರುಚಿಯನ್ನು ಮತ್ತೆ ಒಲೆಗೇರಿಸುವುದು ಅಲಂಕಾರದ ಖರ್ಚಿಗಿಂತ ದೊಡ್ಡ ಖರ್ಚು. ಇನ್ನೊಂದು ‘ಸೋರ್ನ್’. ಬ್ಯಾಂಕಾಕಿನ ಹಳೆಯ ಮನೆಯೊಂದರಲ್ಲಿ 2018ರಲ್ಲಿ ಆರಂಭವಾಗಿ, ದಕ್ಷಿಣ ಥಾಯ್ಲೆಂಡಿನ ಅಡುಗೆಯನ್ನಷ್ಟೇ ಮಾಡುತ್ತ, 2024ರ ನವೆಂಬರಿನಲ್ಲಿ ಮೂರು ನಕ್ಷತ್ರ ಪಡೆದ ಮೊದಲ ಥಾಯ್ ರೆಸ್ಟೋರೆಂಟ್ ಆಯಿತು. ಅಲ್ಲಿಯೂ ಮನೆ ಚೆಂದವಿದೆ, ಬೆಳಕು ಹದವಾಗಿದೆ. ಆದರೆ ಅನ್ನ ಬೇಯುವುದು ಮಣ್ಣಿನ ಮಡಕೆಯಲ್ಲಿ, ಪದಾರ್ಥ ಬರುವುದು ದಕ್ಷಿಣದ ಕಡಲು ಕಾಡುಗಳಿಂದ, ಖಾರ ದಕ್ಷಿಣದ್ದೇ. ನಾಜೂಕಾಗಿದ್ದರೆ ಮಾತ್ರ ದುಬಾರಿ ಬೆಲೆ ಕೇಳಬಹುದು, ಪಾಶ್ಚಾತ್ಯ ನಾಲಗೆಗೆ ಖಾರ ತಗ್ಗಿಸಲೇಬೇಕು ಎಂಬ ಹಳೆಯ ಸಬೂಬು ಇದರ ಮುಂದೆ ನಿಲ್ಲುವುದಿಲ್ಲ.

ಊಟವೆಂದರೆ ರುಚಿಯ ಪ್ರಯೋಗಶಾಲೆಯಲ್ಲ, ಮದುವೆಯ ವಾರ್ಷಿಕೋತ್ಸವಕ್ಕೆ ಹೋದವರು ಕಾಯಿಹಾಲು ಒಡೆದಿದೆಯೇ ಎಂದು ಇಣುಕುವುದಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಕೂರುವ ಜಾಗ ನಾಲಗೆಯನ್ನೇ ಬದಲಿಸುತ್ತದೆ ಎಂದು ವಿಜ್ಞಾನವೂ ಹೇಳುತ್ತದೆ. ವಿಮಾನದೊಳಗಿನಂಥ ಗದ್ದಲದಲ್ಲಿ ಸಿಹಿ ಮಂದವಾಗಿ, ಮೀನಿನ ಸಾಸು, ಟೊಮೆಟೊಗಳಲ್ಲಿರುವ ಉಮಾಮಿ ರುಚಿ ಎದ್ದು ಕಾಣುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಆದರೆ ಈ ಪುರಾವೆ ಅಲಂಕಾರದ ವಕೀಲರಿಗೆ ಅಷ್ಟೇನೂ ಒದಗುವುದಿಲ್ಲ. ಕೋಣೆ ರುಚಿಯನ್ನು ಬದಲಿಸುವುದು ನಿಜವಾದರೆ, ಯಾವ ಅಡುಗೆಗೆ ಯಾವ ಕೋಣೆ ಎಂದು ಕೇಳುವ ಹೊಣೆ ಮತ್ತಷ್ಟು ಹೆಚ್ಚುತ್ತದೆ. ಮೀನಿನ ಸಾಸಿನ ಮೇಲೆ ನಿಂತ ಅಡುಗೆಗೆ ಪಿಸುಮಾತಿನ ಮೌನವೇ ಸರಿಯಾದ ಜೊತೆ ಎಂದು ಯಾರೂ ಸಾಬೀತು ಮಾಡಿಲ್ಲ. ವಾರ್ಷಿಕೋತ್ಸವದ ಜೋಡಿಗೆ ಕೊಳ ಬೇಕಿದ್ದರೆ ಕೊಳ ಇರಲಿ. ಅದರ ಖರ್ಚನ್ನು ತಟ್ಟೆಯ ಮೀನು ತೆರಬಾರದು ಎಂಬುದಷ್ಟೇ ತಕರಾರು.

ಬೆಂಗಳೂರಿಗೂ ಈ ಮಾತು ದೂರದ್ದಲ್ಲ. ಎಂ.ಜಿ. ರಸ್ತೆಯ ಓಬೆರಾಯ್ ಹೋಟೆಲಿನ ಥಾಯ್ ಭೋಜನಶಾಲೆಯ ಹೆಸರು ‘ರಿಮ್ ನಾಮ್’, ನೀರಿನ ಅಂಚು ಎಂದರ್ಥ. ಆ ಹೆಸರು ಕೇಳಿದರೆ ಬ್ಯಾಂಕಾಕಿನ ಓರಿಯೆಂಟಲ್ ಹೋಟೆಲು ಚಾವೊ ಪ್ರಾಯಾ ನದಿಯ ಆಚೆ ದಡದಲ್ಲಿ ನೃತ್ಯ ನೋಡುತ್ತ ಉಣ್ಣಲು ಕಟ್ಟಿಸಿದ ‘ಸಾಲಾ ರಿಮ್ ನಾಮ್’ ನೆನಪಾಗುತ್ತದೆ. ಆ ‘ಸಾಲಾ’ ನಮ್ಮ ‘ಶಾಲೆ’ಯೇ. ಬೆಂಗಳೂರಿನ ಗಿರಾಕಿಗೆ ಇನ್ನೊಂದು ತೊಡಕಿದೆ, ಸಸ್ಯಾಹಾರ. ಮೀನಿನ ಸಾಸೂ ಕಪಿಯೂ ಹೋದರೆ ಉಪ್ಪಿನ ಹಿಂದಿನ ಆಳವೇ ಹೋಗುತ್ತದೆ, ಆ ಹಳ್ಳವನ್ನು ಬರಿ ಸಕ್ಕರೆ ಸೋಯಾದಿಂದ ತುಂಬುವುದು ಸೋಮಾರಿತನ. ಥಾಯ್ಲೆಂಡಿನಲ್ಲೇ ‘ಜೇ’ ಎಂಬ ಕಟ್ಟುನಿಟ್ಟಿನ ಸಸ್ಯಾಹಾರದ ಪದ್ಧತಿಯಿದೆ, ಫುಕೆಟ್‌ನಲ್ಲಿ ಅದಕ್ಕೊಂದು ವಾರ್ಷಿಕ ಹಬ್ಬವೇ ಉಂಟು. ಹುದುಗಿಸಿದ ಸೋಯಾ ಅವರೆ, ಒಣ ಅಣಬೆಗಳಿಂದ ಆಳ ತರುವ ವಿದ್ಯೆ ಅಲ್ಲಿ ಬೆಳೆದಿದೆ. ಕಾಯಿಹಾಲು, ಹುಣಸೆ, ಬೆಲ್ಲ, ಮೆಣಸಿನಕಾಯಿ ನಾಲ್ಕನ್ನೂ ದಿನವೂ ಹದ ಮಾಡುವ ಕರಾವಳಿಯ ಕೈಗಳಿರುವ ರಾಜ್ಯದಲ್ಲಿ ಈ ಅಡುಗೆಗೆ ಒಳ್ಳೆಯ ತೀರ್ಪುಗಾರರ ಕೊರತೆಯಂತೂ ಇಲ್ಲ.

ಬ್ಯಾಂಕಾಕಿನ ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಸಣ್ಣ ಡಬ್ಬಿಗಳು ಇದ್ದೇ ಇರುತ್ತವೆ: ಸಕ್ಕರೆ, ಮೀನಿನ ಸಾಸು, ಒಣಮೆಣಸಿನ ಪುಡಿ, ಮೆಣಸಿನಕಾಯಿ ನೆನೆಸಿದ ವಿನೆಗರ್. ಬಾಣಸಿಗ ಮುಕ್ಕಾಲು ಅಡುಗೆ ಮಾಡುತ್ತಾನೆ, ಉಳಿದ ಕಾಲು ಉಣ್ಣುವವರ ಕೈಯಲ್ಲಿ. ದುಬಾರಿ ರೆಸ್ಟೋರೆಂಟಿನ ಮೇಜಿನಿಂದ ಮೊದಲು ಮಾಯವಾಗುವುದು ಈ ಡಬ್ಬಿಗಳೇ, ಆ ಜಾಗಕ್ಕೆ ಆರ್ಕಿಡ್ ಬರುತ್ತದೆ. ಅಲ್ಲಿ ಕೂತವರು ಮೀನಿನ ಸಾಸಿನಲ್ಲಿ ಹಸಿಮೆಣಸಿನಕಾಯಿ ಹೆಚ್ಚಿಹಾಕಿದ ‘ಪ್ರಿಕ್ ನಾಮ್ ಪ್ಲಾ’ ಒಂದು ಬಟ್ಟಲು ಬೇಕೆಂದು ಕೇಳಿ ನೋಡಬಹುದು. ಕೆಲವು ಕಡೆ ಬಡಿಸುವವರು ಮ್ಯಾನೇಜರನ್ನು ಕರೆಯಲು ಹೋಗುತ್ತಾರೆ. ಕೆಲವು ಕಡೆ ಅವರ ಮುಖ ಅರಳುತ್ತದೆ, ಬಟ್ಟಲು ಅರೆನಿಮಿಷದಲ್ಲಿ ಬರುತ್ತದೆ, ಒಳಗೆ ಅದು ತಮಗಾಗಿ ಆಗಲೇ ತಯಾರಿತ್ತು ಎಂಬಂತೆ.